ಒಂದೇ ಕಡ್ಡಿಯ ರೆಕ್ಕೆ

ಒಂದನೇ ತರಗತಿಗೆ ಸೇರಿದಾಗ ನನಗೆ ಹೆಸರಿರಲಿಲ್ಲ. ಮೊಮ್ಮಕ್ಕಳಿಗೆ ಹೇಳಿದರೆ ಅಜ್ಜಿ ಬಂಡಲ್ ಬಿಡುತ್ತಾಳೆ ಅಂತ ನಗುತ್ತಾರೆ. ನಗಲಿ, ಅವರಿಗೆಲ್ಲ ಹುಟ್ಟುವ ಮೊದಲೇ ಹೆಸರು ತಯಾರಾಗಿತ್ತು, ನನ್ನ ಕಷ್ಟ ಅವರಿಗೇನು ಗೊತ್ತು. ಹಾಗಂತ ನನ್ನ ನಾಮಕರಣ ಆಗಿರಲಿಲ್ಲ ಎಂದಲ್ಲ. ಆಗಿತ್ತು, ಊಟವೂ ಆಗಿತ್ತು, ಹೋಳಿಗೆ ಬಹಳ ಚೆನ್ನಾಗಿತ್ತೆಂದು ಬಂದವರು ವರ್ಷಗಟ್ಟಲೆ ನೆನೆಸಿಕೊಳ್ಳುತ್ತಿದ್ದರು. ಪುರೋಹಿತರು ಹರಿವಾಣದಲ್ಲಿ ಅಕ್ಕಿ ಹರಡಿ, ಉಂಗುರದಿಂದ ನಾನು ಹುಟ್ಟಿದ ನಕ್ಷತ್ರದ ಹೆಸರು ಬರೆದು, ಇನ್ನು ಕರೆಯುವ ಹೆಸರು ಹೇಳಿ ಎಂದು ತಲೆ ಎತ್ತಿದರಂತೆ. ಅಪ್ಪ ಹೇಮಲತಾ ಎಂದರು. ಅದೇ ಉಸಿರಿಗೆ ಅಪ್ಪನ ಅಮ್ಮ, ಅಂದರೆ ನನ್ನ ಅಜ್ಜಿ, ಪುಟ್ಟತಾಯಮ್ಮ ಎಂದರು. ಅದು ಅಜ್ಜಿಯ ತಾಯಿಯ ಹೆಸರು. ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ ಅಮ್ಮ, ಮೆಲ್ಲಗೆ ಕಾವೇರಿ ಅಂತ ಅಂದರಂತೆ. ಆಮೇಲೆ ನಡೆದದ್ದು ಜಗಳ. ಪುರೋಹಿತರು ಉಂಗುರ ಹಿಡಿದುಕೊಂಡು ಕಾದು ಕಾದು, ಎಲೆ ಹಾಕಿದ್ದಾರೆ ಎಂದು ಕೇಳಿದ ಕೂಡಲೆ ಎದ್ದುಹೋದರು. ಬರೆಯಬೇಕಾಗಿದ್ದ ಜಾಗ ಹಾಗೇ ಖಾಲಿ ಉಳಿಯಿತು, ಅಕ್ಕಿ ಪಾಯಸಕ್ಕೆ ಹೋಯಿತು, ನಾನು ಕೂಸು ಆಗಿಯೇ ಉಳಿದೆ.

ಮನೆಯಲ್ಲಿ ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ಕೂಸೇ ಎಂದರೆ ನಾನು ಬರುತ್ತಿದ್ದೆ, ಸಾಕಲ್ಲ. ನಾವಿದ್ದದ್ದು ಮಡಿಕೇರಿಯಲ್ಲಿ, ಕೋಟೆಯ ಇಳಿಜಾರಿನ ಒಂದು ಬಾಡಿಗೆ ಮನೆಯಲ್ಲಿ. ಮುಂದೆ ಜಗಲಿ, ನಡುವೆ ಅಪ್ಪನ ಮೇಜು ಇದ್ದ ಕೋಣೆ, ಹಿಂದೆ ಮನೆಯ ಅರ್ಧವನ್ನೇ ನುಂಗಿದ ಅಡುಗೆಮನೆ. ಆಗ ಕೊಡಗು ತನ್ನದೇ ಒಂದು ರಾಜ್ಯ, ಮಡಿಕೇರಿ ರಾಜಧಾನಿ. ನಾವು ರಾಜಧಾನಿಯಲ್ಲಿ ಇರುವವರು ಎಂದು ಅಪ್ಪ ಆಗಾಗ ಹೇಳುತ್ತಿದ್ದರು. ರಾಜಧಾನಿಯಲ್ಲಿ ಸೌದೆ ಒಣಗೋದಿಲ್ಲವಲ್ಲ ಅಂತ ಅಮ್ಮ ಅಲ್ಲಿಗೇ ಮುಗಿಸುತ್ತಿದ್ದರು. ಅಪ್ಪ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಅಮ್ಮ ಸಂಪಾಜೆ ಕಡೆಯವರು, ಅಜ್ಜಿ ಸೋಮವಾರಪೇಟೆಯ ಆಚೆಯವರು. ಒಬ್ಬರ ಮಾತಿನಲ್ಲಿ ಉಂಟು, ಇನ್ನೊಬ್ಬರ ಮಾತಿನಲ್ಲಿ ಇದೆ, ಇಬ್ಬರ ಸಾರಿಗೂ ಅಪ್ಪ ಚೆನ್ನಾಗಿದೆ ಎನ್ನಲೇಬೇಕು. ಮಳೆಗಾಲದ ನಡುವಿನ ತಿಂಗಳಿಗೆ ಅಮ್ಮ ಆಟಿ ಎಂದರೆ ಅಜ್ಜಿ ಆಷಾಢ ಎನ್ನುತ್ತಿದ್ದರು, ಪೇಟೆಯವರೆಲ್ಲ ಕಕ್ಕಡ ಎನ್ನುತ್ತಿದ್ದರು. ಒಂದು ತಿಂಗಳಿಗೇ ಇಷ್ಟು ಹೆಸರು ಇಟ್ಟುಕೊಂಡವರಿಗೆ ಒಂದು ಹುಡುಗಿಗೆ ಹೆಸರು ಇಡಲು ಆಗಲಿಲ್ಲವಲ್ಲ ಎಂದು ಈಗಲೂ ನನಗೆ ಸಿಟ್ಟು ಬರುತ್ತದೆ, ನಗುವೂ ಬರುತ್ತದೆ.

ತೊಂದರೆ ಶುರುವಾದದ್ದು ಶಾಲೆಯಲ್ಲಿ. ಬೆಳಗ್ಗೆ ಟೀಚರ್ ಹಾಜರಿ ಕೂಗುವಾಗ ಒಬ್ಬೊಬ್ಬರೇ ಎದ್ದು ಹಾಜರ್ ಎನ್ನುತ್ತಿದ್ದರು. ಏನು ಗತ್ತು ಅದರಲ್ಲಿ. ಮೂಗು ಸೋರುವ ಹುಡುಗರೂ ಆ ಒಂದು ಗಳಿಗೆ ದೊಡ್ಡ ಮನುಷ್ಯರಾಗುತ್ತಿದ್ದರು. ಎಲ್ಲರದೂ ಮುಗಿದ ಮೇಲೆ ಟೀಚರ್ ನನ್ನ ಕಡೆ ನೋಡಿ, ಮೇಷ್ಟ್ರ ಮಗಳು ಬಂದಿದ್ದಾಳಲ್ಲ, ಆಯ್ತು, ಎಂದು ಪುಸ್ತಕ ಮುಚ್ಚುತ್ತಿದ್ದರು. ನಾನು ಹಾಜರ್ ಎನ್ನಲು ಜಾಗವೇ ಇರುತ್ತಿರಲಿಲ್ಲ. ಒಂದು ದಿನ ಸುಮ್ಮನೆ ಎದ್ದು ನಿಂತು ಹಾಜರ್ ಎಂದುಬಿಟ್ಟೆ. ಪಕ್ಕದ ಹುಡುಗಿ ಕೇಳಿದಳು:

"ಯಾರು ಹಾಜರ್? ಹೆಸರಿಲ್ಲದವಳು ಹಾಜರ್ ಹೇಗೆ ಹೇಳೋದು?"

ಇಡೀ ತರಗತಿ ನಕ್ಕಿತು. ಟೀಚರ್ ಒಳ್ಳೆಯವರೇ, ನಗಲಿಲ್ಲ. ಆದರೆ ಸಂಜೆ ಅಪ್ಪನನ್ನು ಕಂಡು, ಈ ತಿಂಗಳು ಮುಗಿಯುವುದರೊಳಗೆ ಒಂದು ಹೆಸರು ತಂದುಕೊಡಿ, ಇಲ್ಲದಿದ್ದರೆ ನಾನೇ ಕಾವೇರಿ ಅಂತ ಬರೆದುಬಿಡ್ತೇನೆ ಎಂದರು. ನಮ್ಮ ತರಗತಿಯಲ್ಲಿ ಕಾವೇರಿ ಎಂದು ಕೂಗಿದರೆ ಒಂದು ಬೆಂಚು ಪೂರ್ತಿ ಎದ್ದು ನಿಲ್ಲುತ್ತಿತ್ತು. ಆ ಬೆಂಚಿನ ಕೊನೆಯಲ್ಲಿ ನಾನೂ ಒಬ್ಬಳಾಗಿ ನಿಲ್ಲುವುದು ನನಗೆ ಬೇಡವಾಗಿತ್ತು. ನನ್ನನ್ನು ಕೂಗಬೇಕು, ನಾನೊಬ್ಬಳೇ ಏಳಬೇಕು. ಆ ವಯಸ್ಸಿನಲ್ಲಿ ನನಗೆ ಪ್ರಪಂಚದಲ್ಲಿ ಬೇಕಾಗಿದ್ದದ್ದು ಅಷ್ಟೇ. ಮನೆಯಲ್ಲಿ ಅಜ್ಜಿ ಒಂದೇ ಮಾತಿನಲ್ಲಿ ತಳ್ಳಿಹಾಕಿದರು. ಆಷಾಢದಲ್ಲಿ ಯಾರಾದರೂ ಹೆಸರಿಡುತ್ತಾರೆಯೇ, ತಿಂಗಳು ಕಳೆಯಲಿ ಎಂದರು. ತಿಂಗಳು ಕಳೆದರೆ ಟೀಚರ್ ಬರೆದಾಗಿರುತ್ತದಲ್ಲ ಎಂದು ನಾನು ಅತ್ತೆ. ಅತ್ತದ್ದಕ್ಕೆ ಬೆಲ್ಲ ಸಿಕ್ಕಿತು, ಹೆಸರು ಸಿಗಲಿಲ್ಲ.

ಆ ವಾರವೇ ಅಪ್ಪ ಪಾಲಿಬೆಟ್ಟಕ್ಕೆ ಹೋಗಿ ಬಂದರು. ಅಲ್ಲಿನ ಒಂದು ಎಸ್ಟೇಟಿನ ಬಿಳಿಯ ದೊರೆ ತೋಟ ಮಾರಿ ಊರಿಗೆ ಹೊರಟಿದ್ದರು, ಬಂಗಲೆಯ ಸಾಮಾನು ಹರಾಜಿಗಿತ್ತು. ಒಳ್ಳೆಯ ಡ್ರಾಯಿಂಗ್ ಕಾಗದ ಸಿಗಬಹುದೆಂದು ಹೋದ ಅಪ್ಪ, ಕಾಗದ ಬಿಟ್ಟು ಒಂದು ಬಿಳಿ ಹಲಗೆ ತಂದರು. ಊಟದ ತಟ್ಟೆಯಷ್ಟು ಅಗಲದ ಪ್ಲಾಸ್ಟರಿನ ಅಚ್ಚು. ಅದರಲ್ಲಿ ಒಂದು ಸಣ್ಣ ಅಸ್ಥಿಪಂಜರ ಮಗ್ಗುಲಾಗಿ ಮಲಗಿತ್ತು. ಉದ್ದನೆಯ ಮೂತಿ, ಮೂತಿಯ ತುಂಬ ಸೂಜಿಮೊನೆಯಂಥ ಹಲ್ಲು, ಗುಬ್ಬಚ್ಚಿಗಿಂತ ಸ್ವಲ್ಪ ದೊಡ್ಡ ಮೈ. ಅಮ್ಮ ಸೀದಾ ಕೇಳಿದರು:

"ಇದೆಂತ ಇದು, ಕಾಗದ ತರ್ತೇನೆ ಅಂತ ಹೋಗಿ ಸತ್ತ ಹಕ್ಕಿ ತಂದದ್ದಾ?"

"ಹಕ್ಕಿ ಅಲ್ಲ. ಹಕ್ಕಿಗೆ ಇಂಥ ಹಲ್ಲು ಎಲ್ಲಿದೆ? ಇದು ಟೆರೋಸಾರ್ ಅಂತ. ಹಾರ್ತಿದ್ದ ಸರೀಸೃಪ, ಕಲ್ಲಲ್ಲಿ ಸಿಕ್ಕಿದ ಅದರ ಎಲುಬಿನ ಅಚ್ಚು. ಮನುಷ್ಯರು ಹುಟ್ಟೋಕೆ ಎಷ್ಟೋ ಕಾಲ ಮುಂಚೆ ಇದ್ದದ್ದು."

"ಸತ್ತು ಅಷ್ಟು ಕಾಲ ಆದ್ರೆ ಸೂತಕ ಇಲ್ಲ, ಒಳಗೆ ತಗೊಂಡು ಬಾ," ಎಂದರು ಅಜ್ಜಿ.

ಅಪ್ಪನ ಹತ್ತಿರ ಒಂದು ಇಂಗ್ಲಿಷ್ ಪುಸ್ತಕವಿತ್ತು. ಅದರಲ್ಲಿ ಇಂಥ ಪ್ರಾಣಿಗಳಿದ್ದವು, ಹಾರುತ್ತಿದ್ದವು ಎಂಬ ಒಂದು ಪ್ಯಾರಾ ಇತ್ತೇ ಹೊರತು ಚಿತ್ರವಿರಲಿಲ್ಲ. ಅಚ್ಚಿನ ಹಿಂಬದಿ ಹೆಸರಿನ ಚೀಟಿ ಅಂಟಿಸಿದ್ದ ಗುರುತಿತ್ತು, ಚೀಟಿಯನ್ನು ಗೆದ್ದಲು ತಿಂದು ಮುಗಿಸಿತ್ತು. ಅಂದರೆ ನಮ್ಮ ಮನೆಗೆ ಹೆಸರಿಲ್ಲದ ಎರಡನೆಯವರು ಬಂದಂತಾಯಿತು. ನನಗೆ ಅದರ ಮೇಲೆ ಅವತ್ತೇ ಪ್ರೀತಿ ಹುಟ್ಟಿತು. ರಾತ್ರಿ ಊಟಕ್ಕೆ ಕೂತಾಗ, ಕಡುಬಿನ ಜೊತೆ ಎಳೆಬಿದಿರಿನ ಕಣಿಲೆ ಪಲ್ಯ ಕಲಸುತ್ತ, ಅಪ್ಪ ನಮಗೆಲ್ಲ ಪಾಠ ಮಾಡಿದರು.

"ಬೇರೆ ದೇಶದಲ್ಲಿ ಇದಕ್ಕೊಂದು ಹೆಸರು ಇದ್ದೀತು. ಅದು ಗೊತ್ತಾಗೋವರೆಗೆ ನಮ್ಮ ಮನೆಯ ಮಟ್ಟಿಗೆ ನಾವೇ ಇಡೋಣ. ಆದ್ರೆ ಅದಕ್ಕೆ ವಿಜ್ಞಾನಿಗಳದೊಂದು ಕಟ್ಟುಪಾಡು ಇದೆ. ಇದರ ರೂಪ ಹೀಗಿತ್ತು ಅಂತ ಯಾರು ಮೊದಲು ಸರಿಯಾಗಿ ಹೇಳ್ತಾರೋ ಹೆಸರಿಡೋ ಹಕ್ಕು ಅವರದು. ಮೊದಲು ಇಟ್ಟದ್ದೇ ಖಾಯಂ, ಆಮೇಲೆ ಬಂದವರಿಗೆ ಹಿಡಿಸದಿದ್ರೂ ಬದಲಾಯಿಸೋ ಹಾಗಿಲ್ಲ. ಮತ್ತೆ ಒಂದು ಹೆಸರು ಒಬ್ಬರಿಗೇ. ಅದನ್ನೇ ಇನ್ನೊಬ್ಬರಿಗೆ ಕೊಡೋ ಹಾಗಿಲ್ಲ."

"ಪರವಾಗಿಲ್ವೇ," ಎಂದರು ಅಜ್ಜಿ, "ಅವರಲ್ಲೂ ಮಡಿ ಮೈಲಿಗೆ ಇದೆ ಅಂತಾಯ್ತು."

ಮಾರನೆಯ ದಿನದಿಂದ ನಡುಕೋಣೆ ಕಮ್ಮಟವಾಯಿತು. ಜಗಲಿಯಲ್ಲಿ ತೂಗುಹಾಕಲು ಒಂದು ಮಾದರಿ ಮಾಡಬೇಕೆಂದು ಅಪ್ಪನ ಹಟ. ಕಿತ್ತಳೆ ಬುಟ್ಟಿಯ ಬಿದಿರು ಸೀಳಿ ಬೆನ್ನೆಲುಬು ಮಾಡಿದರು, ಮುರಿದ ಛತ್ರಿಗಳ ಕಡ್ಡಿಗಳನ್ನು ಕತ್ತರಿಸಿ ಎಲುಬು ಮಾಡಿದರು. ಮಡಿಕೇರಿಯ ಮನೆಗಳಲ್ಲಿ ಮುರಿದ ಛತ್ರಿಗೆ ಯಾವಾಗ ಬರ. ಅಳತೆಯನ್ನು ನಿಜಕ್ಕಿಂತ ಹಿಗ್ಗಿಸಿದ್ದರಿಂದ ಪ್ರಾಣಿ ಒಂದು ಹುಂಜದಷ್ಟಾಯಿತು. ಮೈಗೆ ಏನು ಹಚ್ಚುವುದೆಂಬಲ್ಲಿ ಮೊದಲ ಜಗಳ. ಸರೀಸೃಪ ಎಂದರೆ ಬರಿಯ ತೊಗಲು ಎಂದು ಅಪ್ಪ. ಅಮ್ಮ ಒಲೆಯ ಮುಂದಿನಿಂದಲೇ ಹೇಳಿದರು:

"ಬರಿಮೈಯಲ್ಲಿ ಅಷ್ಟು ಎತ್ತರ ಹಾರಿದ್ರೆ ಚಳಿ ಹಿಡಿಯುದಿಲ್ವಾ? ಬಾವಲಿಗೆ ಸಹ ಕೂದಲು ಉಂಟು. ಪಾಪದ್ದಕ್ಕೆ ಎಂತಾದ್ರೂ ಹೊದೆಸಿ ಇವ್ರೇ."

ಅಪ್ಪ ಒಪ್ಪಲಿಲ್ಲ. ಸಂಜೆ ಶಾಲೆಯಿಂದ ಬಂದು ನೋಡಿದರೆ ಅಮ್ಮ ದಿಂಬಿನ ಬೂರುಗದ ಹತ್ತಿ ಕಿತ್ತು, ಗಂಜಿ ಸವರಿ, ಕುತ್ತಿಗೆಯಿಂದ ಬಾಲದವರೆಗೆ ಅಂಟಿಸಿಯಾಗಿತ್ತು. ಇದು ವಿಜ್ಞಾನ ಅಲ್ಲ ಎಂದು ಅಪ್ಪ ಎರಡು ದಿನ ಮುಖ ಊದಿಸಿಕೊಂಡಿದ್ದರು. ಬಹಳ ವರ್ಷಗಳ ಮೇಲೆ ನಾನು ಓದಿದ ಪುಸ್ತಕವೊಂದರಲ್ಲಿ, ಈ ಪ್ರಾಣಿಗಳ ಮೈಮೇಲೆ ನಯವಾದ ರೋಮದಂಥ ಹೊದಿಕೆ ಇತ್ತು ಎಂದು ಸ್ಪಷ್ಟವಾಗಿ ಬರೆದಿತ್ತು. ಆ ಪುಟವನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಬೀನ್ಸ್ ಮುರಿಯುವುದನ್ನು ನಿಲ್ಲಿಸದೆ, ಮತ್ತೆ, ಚಳಿ ಆಗುದಿಲ್ವಾ, ಎಂದರು.

ದೊಡ್ಡ ತಲೆನೋವು ರೆಕ್ಕೆಯದು. ಅಪ್ಪ ಮೊದಲು ಬಾವಲಿಯನ್ನು ನೆನೆದರು. ಬಾವಲಿಗೆ ಎಲ್ಲ ಬೆರಳೂ ಉದ್ದ, ಅವುಗಳ ನಡುವೆ ತೊಗಲು. ಈ ಅಚ್ಚಿನಲ್ಲಿ ಮೂರು ಬೆರಳು ಗಿಡ್ಡವಾಗಿ, ಉಗುರು ಸಮೇತ ಇದ್ದವು. ನಾಲ್ಕನೆಯದು ಮಾತ್ರ ಮೈಗಿಂತಲೂ ಉದ್ದ. ಹಾಗಾದರೆ ಬಾವಲಿಯಲ್ಲ. ಆಗ ಅಜ್ಜಿ, ಇದು ನಮ್ಮ ಹಾರೋತಿ ಕಣೋ, ಎಂದರು. ಕಾಫಿ ತೋಟದ ನೆರಳಿನ ಮರಗಳಲ್ಲಿ ಇರುವ ಹಾರುವ ಓತಿಯನ್ನು ನಾವೆಲ್ಲ ನೋಡಿದ್ದೆವು. ಅದರ ಪಕ್ಕೆಲುಬುಗಳೇ ಆಚೀಚೆ ಚಾಚಿಕೊಂಡು, ಅವುಗಳ ಮೇಲಿನ ತೊಗಲು ಬಿಚ್ಚಿಕೊಂಡು, ಮರದಿಂದ ಮರಕ್ಕೆ ತೇಲಿ ಹೋಗುತ್ತದೆ. ಅಪ್ಪನಿಗೆ ಇದು ಎಷ್ಟು ಹಿಡಿಸಿತೆಂದರೆ ಅಜ್ಜಿಯ ಕಾಲು ಮುಟ್ಟಿದರು. ಕೊಡಗಿನಲ್ಲಿ ಹುಟ್ಟಿ ಬೆಳೆದವರಿಗೆ ಮಾತ್ರ ಹೊಳೆಯುವ ವಿಚಾರ ಎಂದರು. ಹೌದು, ಕೊಡಗಿನವರು ಮಾತ್ರ ಮಾಡಬಲ್ಲ ತಪ್ಪು. ಪಕ್ಕೆಲುಬಿನ ಜಾಗದಲ್ಲಿ ಛತ್ರಿಕಡ್ಡಿ ಸಾಲಾಗಿ ಚುಚ್ಚಿ ಅಳತೆ ಹಿಡಿದರು. ಚೆನ್ನಾಗಿಯೇ ಕಂಡಿತು. ಆದರೆ ಆ ಉದ್ದ ಬೆರಳು ಎರಡೂ ಕಡೆ ಜೋಲುಬಿದ್ದಿತ್ತು. ಅದು ಯಾಕೆ?

"ಕಿವಿ ಕೆರೆಯೋಕೆ," ಎಂದರು ಅಜ್ಜಿ.

"ಕಾಂಡದ ಒಳಗಿನ ಹುಳ ಎಳೆದು ತಿನ್ಲಿಕ್ಕೆ ಇರ್ಬೇಕು," ಎಂದರು ಅಮ್ಮ. "ನಮ್ಮ ಅಣ್ಣನ ಕಾಫಿ ಗಿಡಕ್ಕೆ ಇಂಥದ್ದು ನಾಲ್ಕು ಇದ್ದಿದ್ರೆ ಒಳ್ಳೇದಿತ್ತು."

ಅಪ್ಪ ಹುಳದ ಮಾತನ್ನೇ ಹಿಡಿದರು. ರೆಕ್ಕೆಗೆಂದು ಅಜ್ಜಿಯ ಹಳೆಯ ಮಲ್ ಬಟ್ಟೆಯನ್ನು ಗಂಜಿಯಲ್ಲಿ ಅದ್ದಿ, ಅಡುಗೆಮನೆಯ ದೊಡ್ಡ ಪಾತ್ರೆಯಲ್ಲಿ ಬಿಟ್ಟರು. ಮಾರನೆಯ ದಿನವೇ ಕಕ್ಕಡದ ಹದಿನೆಂಟು, ಕಾಡಿನ ಮದ್ದುಸೊಪ್ಪಿಗೆ ಔಷಧದ ಗುಣ ತುಂಬುವ ದಿನ. ಅವತ್ತು ಮಡಿಕೇರಿಯಲ್ಲಿ ಮದ್ದುಸೊಪ್ಪಿನ ಪಾಯಸ ಮಾಡದ ಒಲೆ ಇಲ್ಲ. ಆ ಸೊಪ್ಪು ಬೇಯಿಸಿದ ನೀರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ, ಮನೆಯ ತುಂಬ ಅದರದೇ ಘಮ. ಅಮ್ಮ ಬೆಳಗಿನ ಜಾವದ ಕತ್ತಲಲ್ಲಿ ಎದ್ದು, ಸೊಪ್ಪಿನ ನೀರು ಬಸಿಯಲು ಕೈಗೆ ಸಿಕ್ಕಿದ ದೊಡ್ಡ ಪಾತ್ರೆ ಎಳೆದುಕೊಂಡರು. ಬೆಳಕಾದ ಮೇಲೆ ನೋಡಿದರೆ ಬಟ್ಟೆ ತಳದಲ್ಲಿ ನೇರಳೆಯಾಗಿ ಕೂತಿತ್ತು. ಅಪ್ಪ ತಲೆಯ ಮೇಲೆ ಕೈ ಹೊತ್ತರು. ಒಗೆದರೆ ಹೋಗುವ ಬಣ್ಣವೂ ಅದಲ್ಲ.

"ಬಣ್ಣ ಕಲ್ಲಲ್ಲಿ ಉಳಿಯಲ್ಲ, ಅದರ ಬಣ್ಣ ಯಾರಿಗೂ ಗೊತ್ತಿಲ್ಲ ಅಂತ ನೀನೇ ತಾನೆ ಹೇಳಿದ್ದು?" ಎಂದರು ಅಜ್ಜಿ. "ಮತ್ತೆ ಇದಲ್ಲ ಅಂತ ಹ್ಯಾಗೆ ಹೇಳ್ತೀಯಪ್ಪ?"

ಅಪ್ಪ ಬಟ್ಟೆ ಹಿಂಡಿ ಒಲೆಯ ಮೇಲೆ ಒಣಗಲು ಹಾಕಿದರು. ಪಾಯಸಕ್ಕೆ ಸ್ವಲ್ಪ ಗಂಜಿಯ ರುಚಿ ಬಂದಿತ್ತು. ಯಾರೂ ಆ ಮಾತು ಎತ್ತದೆ ಎರಡೆರಡು ಸಲ ಬಡಿಸಿಕೊಂಡು ತಿಂದೆವು.

ಆ ಮಧ್ಯಾಹ್ನ ಟೀಚರ್ ನನ್ನನ್ನು ಕರೆದು, ಹೇಳಿದ ತಿಂಗಳು ಮುಗಿದೇ ಹೋಯಿತು, ನಾಳೆ ಬರೆದೇ ಬಿಡ್ತೇನೆ ಎಂದರು. ಕಾವೇರಿಯರ ಬೆಂಚಿನಲ್ಲಿ ಆಗಲೇ ನನಗೆ ಜಾಗ ಸರಿಸಿಕೊಟ್ಟರು. ಅಳು ನುಂಗಿಕೊಂಡು ಮನೆಗೆ ಹೊರಟೆ. ಕೋಟೆಯ ತಿರುವಿನಲ್ಲಿ ಗಾಳಿ ನನ್ನ ಛತ್ರಿಯನ್ನು ಹಿಡಿದು ಜಗ್ಗಿತು. ಮೊದಲೇ ಅದು ಅಜ್ಜಿ ಹೊಲಿದು ಹೊಲಿದು ಉಳಿಸಿದ ಛತ್ರಿ. ಬಟ್ಟೆ ಎಲ್ಲ ಕಡ್ಡಿಗಳಿಂದಲೂ ಕಿತ್ತುಬಂತು, ಒಂದರಿಂದ ಮಾತ್ರ ಬಿಡಲಿಲ್ಲ. ಹಾರಿಹೋಗದಂತೆ ಬಟ್ಟೆಯ ಇನ್ನೊಂದು ತುದಿಯನ್ನು ನಾನು ಸೊಂಟಕ್ಕೆ ಒತ್ತಿ ಹಿಡಿದೆ. ಗಾಳಿ ತುಂಬಿತು. ಒಂದೇ ಕಡ್ಡಿಯ ತುದಿಯಿಂದ ನನ್ನ ಸೊಂಟದವರೆಗೆ ಬಟ್ಟೆ ಬಿಗಿಯಾಗಿ ಉಬ್ಬಿ ನಿಂತಿತು, ನನ್ನ ಕಾಲು ಎರಡು ಹೆಜ್ಜೆ ತಾನಾಗಿ ಓಡಿತು. ನಾನು ಅಲ್ಲೇ ನಿಂತು ಆ ಕಡ್ಡಿಯನ್ನು ನೋಡಿದೆ. ಅಳು ಮರೆತೇ ಹೋಯಿತು. ಇಳಿಜಾರಿನಲ್ಲಿ ಬಿದ್ದು ಎದ್ದು ಓಡಿ, ಒದ್ದೆ ಕಾಲಲ್ಲೇ ನಡುಕೋಣೆಗೆ ನುಗ್ಗಿದೆ.

"ಅಪ್ಪಾ, ಅದು ಹುಳ ತೆಗೆಯೋ ಬೆರಳಲ್ಲ. ಅದೇ ರೆಕ್ಕೆಯ ಕಡ್ಡಿ. ಒಂದೇ ಸಾಕು, ಬಟ್ಟೆ ಅದರಿಂದ ಸೊಂಟಕ್ಕೆ ಬರ್ತದೆ."

ಮತ್ತೆ ಛತ್ರಿ ಎತ್ತಿ, ಬಟ್ಟೆ ಸೊಂಟಕ್ಕೆ ಒತ್ತಿ, ಕೋಣೆಯ ತುಂಬ ನೀರು ಚೆಲ್ಲುತ್ತ ತೋರಿಸಿದೆ. ಅಪ್ಪ ಬೈಯಲಿಲ್ಲ. ಅಚ್ಚನ್ನು ಕಿಟಕಿಯ ಬೆಳಕಿಗೆ ತಂದು, ಆ ಉದ್ದ ಬೆರಳಿನ ತುದಿಗೆ ಒಂದು ದಾರ ಇಟ್ಟು, ತೊಡೆಯೆಲುಬಿನವರೆಗೆ ಎಳೆದರು. ಬಹಳ ಹೊತ್ತು ನೋಡಿದರು. ಆಮೇಲೆ ಮಾದರಿಯ ಪಕ್ಕೆಯಲ್ಲಿದ್ದ ಕಡ್ಡಿಗಳನ್ನೆಲ್ಲ ಕಿತ್ತು ಹಾಕಿದರು. ದೀಪ ಹಚ್ಚುವ ಹೊತ್ತಿಗೆ ಎರಡು ಉದ್ದ ಬೆರಳುಗಳಿಂದ ನೇರಳೆ ರೆಕ್ಕೆ ಬಿಚ್ಚಿಕೊಂಡಿತ್ತು. ಜಗಲಿಯ ತೊಲೆಗೆ ಕಟ್ಟಿದ ಕೂಡಲೆ ಅದು ಗಾಳಿಗೆ ತಿರುಗಿ ತೇಲಿತು. ನಾವು ನಾಲ್ವರೂ ಕತ್ತು ಎತ್ತಿ ನಿಂತೆವು. ನನಗೆ ಆದ ಸಂತೋಷವನ್ನು ಈಗಲೂ ಸರಿಯಾಗಿ ಹೇಳಲಾರೆ. ಆಮೇಲೆ ಜೀವನದಲ್ಲಿ ಎಲ್ಲರೂ ಒಪ್ಪಿ ಮುಗಿಸಿದ್ದನ್ನು ಇನ್ನೊಂದು ಸಲ ನೋಡುವ ಚಟ ನನಗೆ ಅಂಟಿದ್ದು ಅವತ್ತೇ. ಅದರಿಂದ ಬೈಗುಳವೂ ಸಾಕಷ್ಟು ಸಿಕ್ಕಿದೆ, ಇರಲಿ.

"ರೂಪ ಕಂಡವಳು ನೀನು, ಕೂಸೇ," ಎಂದರು ಅಪ್ಪ. "ಹೆಸರಿಡೋ ಹಕ್ಕು ನಿನ್ನದು."

ಅಜ್ಜಿ ಜಟಾಯು ಅಂತ ಇಡು ಎಂದು ಪಿಸುಗುಟ್ಟಿದರು. ಅಮ್ಮ ಹತ್ತಿ ಅಂಟಿಸಿದವರು ನಾವೂ ಇದ್ದೇವೆ ಎಂದು ನೆನಪಿಸಿದರು. ನಾನು ಇಳಿಜಾರಿನಲ್ಲಿ ಓಡಿ ಬರುವಾಗಲೇ ಯೋಚಿಸಿಯಾಗಿತ್ತು.

"ಇದರ ಹೆಸರು ಕೂಸು."

"ಅಯ್ಯೋ, ಅದು ನಿನ್ನ ಹೆಸರಲ್ವೇನೇ?" ಎಂದರು ಅಜ್ಜಿ.

"ಅದಕ್ಕೆ ಕೊಟ್ಟಾಯ್ತು. ಒಂದು ಹೆಸರು ಒಬ್ಬರಿಗೇ ಅಂತ ಅಪ್ಪ ಹೇಳಿದ್ದಾರೆ. ಇನ್ನು ನನ್ನನ್ನು ಹಾಗೆ ಕರೆದರೆ ನಾನು ಬರೋದಿಲ್ಲ. ನನಗೆ ಬೇರೆ ಕೊಡಿ, ಇವತ್ತೇ ಕೊಡಿ."

ಮೊದಲು ಬಾಯಿ ಹಾಕಿದವರು ಅಜ್ಜಿ. ಈ ಮಗುವಿನ ರೂಪ ಮೊದಲು ಕಂಡವಳು ನಾನು, ಹೊಕ್ಕುಳಬಳ್ಳಿ ಕತ್ತರಿಸಿ ಸ್ನಾನ ಮಾಡಿಸಿದ್ದು ಈ ಕೈ, ಹಾಗಾಗಿ ಹಕ್ಕು ನನ್ನದು, ಎಂದು ಅಪ್ಪನ ಕಟ್ಟುಪಾಡನ್ನೇ ಎತ್ತಿ ಅಪ್ಪನ ಮೇಲೆ ಹಾಕಿದರು. ಪುಟ್ಟತಾಯಮ್ಮ ನನ್ನ ತಲೆಯ ಮೇಲೆ ಇಳಿಯಲು ಸಿದ್ಧವಾಗಿ ನಿಂತಿತ್ತು. ಆದರೆ ಅದು ಅಜ್ಜಿಯ ತಾಯಿಯದಲ್ಲವೇ, ಒಬ್ಬರದನ್ನು ಇನ್ನೊಬ್ಬರಿಗೆ ಕೊಡುವ ಹಾಗಿಲ್ಲವಲ್ಲ ಎಂದು ಅಪ್ಪ ತಡವಾಗಿ ನೆನೆದರು. ಹಾಗಾದರೆ ಹೇಮಲತಾ ಎಂದರು. ಆಷಾಢದಲ್ಲಿ ಹೊಸ ಹೆಸರು ಇಡೋದು ನನ್ನ ಹೆಣದ ಮೇಲೆ ಎಂದರು ಅಜ್ಜಿ. ಆರು ವರ್ಷದ ಹಿಂದಿನ ಜಗಳ ಮತ್ತೆ ಹೊತ್ತಿಕೊಳ್ಳುವಾಗ, ಅಮ್ಮ ಸೆರಗಿನಿಂದ ನನ್ನ ತಲೆ ಒರೆಸುತ್ತ ಹೇಳಿದರು:

"ಹೊಸತು ಎಂತಕ್ಕೆ ಅತ್ತೆ? ಮೊದಲು ಇಟ್ಟದ್ದೇ ಖಾಯಂ ಅಂತ ಅಲ್ವಾ ಇವರು ಹೇಳುದು. ಇವಳಿಗೆ ಮೊದಲು ಬರೆದ ಹೆಸರು ಅಕ್ಕಿಯಲ್ಲೇ ಉಂಟಲ್ಲ. ಪುರೋಹಿತರು ಉಂಗುರದಲ್ಲಿ ಬರೆದದ್ದು ನಾವೆಲ್ಲ ನೋಡಿದ್ದೇವೆ. ಇಟ್ಟಾದ ಹೆಸರನ್ನು ಕರೀಲಿಕ್ಕೆ ಆಟಿ ಏನು ಅಡ್ಡಿ?"

ಅದು ನಕ್ಷತ್ರ, ಹೆಸರಲ್ಲ ಎಂದು ಇಷ್ಟು ವರ್ಷ ಮೂವರೂ ಲೆಕ್ಕಕ್ಕೇ ಹಿಡಿಯದೆ ಬಿಟ್ಟಿದ್ದ ಹೆಸರು. ಅಪ್ಪ ಅಜ್ಜಿಯ ಮುಖ ನೋಡಿದರು, ಅಜ್ಜಿ ಅಪ್ಪನ ಮುಖ ನೋಡಿದರು. ಇಬ್ಬರಲ್ಲಿ ಯಾರೂ ಗೆದ್ದಿರಲಿಲ್ಲ ಎಂಬುದೇ ಇಬ್ಬರಿಗೂ ಸಮಾಧಾನವಾಯಿತೆಂದು ಕಾಣುತ್ತದೆ. ಅಜ್ಜಿ ನನ್ನನ್ನು ಹತ್ತಿರ ಎಳೆದು, ಬಲಗಿವಿಗೆ ಬಾಯಿಟ್ಟು, ಎಲೆಯಡಿಕೆಯ ವಾಸನೆಯ ಬಿಸಿ ಉಸಿರಿನಲ್ಲಿ ಮೂರು ಸಲ ಹೇಳಿದರು. ಕಚಗುಳಿಯಾಗಿ ನಾನು ನಕ್ಕೆ. ಪಾತ್ರೆಯಲ್ಲಿ ಉಳಿದಿದ್ದ ನೇರಳೆ ಪಾಯಸವೇ ಅವತ್ತಿನ ಸಿಹಿ.

ಮಾರನೆಯ ದಿನ ಅಪ್ಪ ನನ್ನನ್ನು ಶಾಲೆಗೆ ಬಿಟ್ಟು ಟೀಚರ್ ಹತ್ತಿರ ಏನೋ ಹೇಳಿ ಹೋದರು. ಹಾಜರಿ ಶುರುವಾಯಿತು. ಕಾವೇರಿಯರ ಬೆಂಚು ಎದ್ದು ಕೂತಿತು. ಆಮೇಲೆ ಟೀಚರ್ ರೋಹಿಣಿ ಎಂದರು. ಯಾರೂ ಏಳಲಿಲ್ಲ. ಯಾರಪ್ಪಾ ಈ ರೋಹಿಣಿ ಎಂದು ನಾನೂ ಎಲ್ಲರ ಜೊತೆ ಹಿಂದೆ ತಿರುಗಿ ನೋಡಿದೆ. ಟೀಚರ್ ನಗುತ್ತ ಇನ್ನೊಮ್ಮೆ ಕೂಗಿದರು. ಆಗ ಕಿವಿಯಲ್ಲಿ ಎಲೆಯಡಿಕೆಯ ವಾಸನೆ ಬಂದಂತಾಯಿತು. ಎದ್ದು ನಿಂತೆ, ನಾನೊಬ್ಬಳೇ. ನಾನು ಹಾಜರ್ ಎಂದದ್ದು ಪಕ್ಕದ ತರಗತಿಗೂ ಕೇಳಿಸಿ ಅಲ್ಲಿನ ಮೇಷ್ಟ್ರು ಬಾಗಿಲಿಗೆ ಬಂದು ನೋಡಿದರು.

ಸಂಜೆ ಮನೆಗೆ ಬಂದಾಗ ಅಜ್ಜಿ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. ನನ್ನನ್ನು ಕಂಡು ಎಂದಿನಂತೆ ಕೂಸೇ ಎಂದರು. ನಾನು ಮೆಟ್ಟಿಲ ಮೇಲೇ ನಿಂತುಬಿಟ್ಟೆ, ಉತ್ತರ ಕೊಡಲಿಲ್ಲ. ಅಜ್ಜಿ ಮುಖ ಮೇಲೆತ್ತಿ, ತೊಲೆಯಲ್ಲಿ ತೂಗುತ್ತಿದ್ದ ಆ ನೇರಳೆ ರೆಕ್ಕೆಯದಕ್ಕೆ ಹೇಳಿದರು:

"ಕೂಸೇ, ನೋಡು, ನಮ್ಮ ರೋಹಿಣಿ ಬಂದ್ಲು."